ಹೊಗಿಪೆಟ್ಟಿಗಿ

ಉದ್ಯಮಬಾಗದ ನನ್ನ ಶೆಡ್ಡಿಗೆ
ಸೋಮವಾರ ಮುಂಜಾನೆ ಕಾಯ್ತಾನ ಬಾರೆಟ್ಟೊ ಬಂದ.
ರೈಲ್ವೆ ಗಾರ್ಡಕಿ ಬಿಟ್ಟು ಎರಡು ವರ್ಷ,
ಇನ್ನೂ ಹಸರ ಬಾವುಟ ಹಿಡದಾಂಗ ಹಿಡಕೊಂಡಿದ್ದ
ಸುರುಳಿ ಸುತ್ತಿದ ಒಂದು ನಕ್ಷೆ.
"ಮೌನೇಶಪ್ಪಾ, ಮಾಂಸಕ್ಕ ಹೊಗಿ ಕೊಡೂ ಪೆಟ್ಟಿಗಿ ಬೇಕು."
ಮಾಡೂಣು ಅಂದೆ. ನಾ ತಿನ್ನೂದಿಲ್ಲ,
ಆದರ ಕಬ್ಬಿಣಕ್ಕ ಮಡಿ ಮೈಲಿಗಿ ಇಲ್ಲ. ಅಳತಿ ಹೇಳು.

ಅಳತಿ ಅಂದಕೂಡ್ಲೆ ಅವನ ಬಾಯಾಗ ಮಂದಿ ಬಂದ್ರು.
ಕ್ರಿಸ್‌ಮಸ್ಸಿಗೆ ಮೂವತ್ತು, ಈಸ್ಟರಿಗೆ ಇಪ್ಪತ್ತು,
ಖಾನಾಪುರದ ಬೀಗರು,
ಗಾರ್ಡ ಗೆಳೆಯರು, ಅವರ ಗೆಳೆಯರು.
ಬರೇ ರವಿವಾರ ಎಷ್ಟು ಮಂದಿ?
ಸ್ವಲ್ಪ ತಡದು ಅಂದ: ಇಬ್ಬರು. ಬೆಕ್ಕು ಬಂದ್ರ ಮೂರು.

ಹಂಗಾರ ಬ್ಯಾರಲ್ ಸಾಕು.
ಮೂಲ್ಯಾಗ ನಿಂತಿತ್ತು ಎರಡನೂರು ಲೀಟರಿಂದು,
ಬಣ್ಣ ಸುಟ್ಟು ತಗದ್ರಾತು.
ಕಾಯ್ತಾನ ಬೆರಳಿಲೆ ಬಡದ, ಡಬ್ ಡಬ್.
"ಇದು ಡಬ್ಬಿ. ಗಾಳಿ ಬೀಸಿದ್ರ ಬಿಸಿ ಹಾರಿಹೋಕ್ಕೈತಿ."
ಖರೇ. ಜುಲೈದಾಗ ಬೆಳಗಾವಿ ಗಾಳಿ ಹೇಳಿ ಕೇಳಿ ಬರೂದಿಲ್ಲ.
ಆಮ್ಯಾಲೆ ಸಕ್ಕರಿ ಕಾರ್ಖಾನಿ ಗುಜರಿಯಿಂದ ತಂದ ಪೈಪು ತೋರಿಸಿದೆ:
ಇಪ್ಪತ್ತು ಇಂಚು ಅಡ್ಡಳತಿ, ಆರು ಎಂಎಂ ದಪ್ಪ,
ಒಮ್ಮೆ ಕಾದ್ರ ಸಂಜೀತನಾ ಸಿಟ್ಟು ಇಳಿಯದ ಲೋಹ.
ಅದನ್ನೂ ಬಡದ.
ಇಗರ್ಜಿ ಘಂಟಿ ಅಂದ.

ಉದ್ದ ಮೂರು ಫೂಟು ಅಂದೆ ನಾನು, ನಾಕು ಅಂದ ಅವ.
ನಾಕಂದ್ರ ಬೆಂಕಿಗೂಡು ಸೇರಿ ನೂರಾ ಐವತ್ತು ಕಿಲೊ, ಯಾರು ಎತ್ತವ್ರು?
ಗಾಲಿ ಹಚ್ಚು, ಲೂನಾದವು ಎರಡು ಅದಾವು.
ಲೂನಾದ ರಬ್ಬರು ಬೆಂಕಿ ಬಾಜೂಕ ಕುಂಡ್ರೂದಿಲ್ಲೋ ಮಾರಾಯಾ.
ಚಕ್ಕಡಿದು ಕಬ್ಬಿಣದ ಹಳಿ?
ಕ್ಯಾಂಪಿನ್ಯಾಗ ನಿನ್ನ ಹಿತ್ತಲ ನೋಡೇನಿ,
ಮಳಿಗಾಲಕ್ಕ ಹೂತು ಹೋಕ್ಕಾವು, ದೀಪಾವಳಿಗೇ ಮ್ಯಾಲೆ ಬರೂದು.
ಹಂಗಾರ ಕಾಲು. ಆಂಗಲ್ಲಿನವು, ನಾಕು.
ಗ್ವಾಡಿಗೆ ಅವನ್ನ ನಿಲ್ಲಿಸಿ, ಸೀಮೆಸುಣ್ಣ ಹಿಡದು
ಮೊಳಕೈ ಕೆಳಗ ಗೆರಿ ಎಳದೆ. ಮೂವತ್ತೆಂಟು ಇಂಚು.
ಶನಿವಾರದ ಹೊತ್ತಿಗೆ ಶೆಡ್ಡಿನ ನೆಲದ ಮ್ಯಾಲೆಲ್ಲ
ಮಲಗಿದ ಪೈಪಿನ ಚಿತ್ರಗಳು.

ಅವನ ಹೆಂಡತಿ ಎಸ್ಪೆರಾನ್ಸ ಛತ್ರಿ ಮಡಿಚಿ ಒಳಗ ಬಂದಳು,
ಚಿತ್ರ ತುಳೀದಾಂಗ ದಾಟಿ ದಾಟಿ.
"ಇದರಾಗ ನನ್ನ ಚೋರಿಸ್ ಎಲ್ಲಿ ತೂಗಾಕಲಿ?"
ನಾವಿಬ್ಬರೂ ಸುಮ್ಮನ.
"ಚೋರಿಸ್ ಅಂದ್ರ ಸರ. ಪೋಣಿಸಿದ್ದು. ಮಲಗಿಸಿದ್ರ ಬೆವರ್ತೈತಿ.
ನಾಕು ತಿಂಗಳ ಈ ಊರಾಗ ಒಣಗಿಸಾಕ ಬಿಸಿಲ ಎಲ್ಲೈತಿ?
ಮತ್ತ ಹೊಗಿ ಯಾಕ ಬೇಕಂತ ತಿಳದಿದ್ರಿ,
ಈ ಮನಿಶ್ಯಾನ ಮೂವತ್ತು ಮಂದಿಗೇನು?"
ಸುಣ್ಣ ಇಸಗೊಂಡು ಗ್ವಾಡಿಗೆ ತಾನೇ ನಿಂತಳು,
ಕೈ ಎತ್ತಿ ಮುಟ್ಟಿದಲ್ಲಿ ಗೆರಿ ಹಾಕಿದಳು. ಕೊಕ್ಕಿ ಇಲ್ಲಿ.
"ಮಲಗಿದ್ದನ್ನ ಎಬ್ಬಿಸ್ರಿ."

ಎಬ್ಬಿಸಿದಿವಿ. ಕಾಯ್ತಾನನ ನಾಕು ಫೂಟು ಗೆದ್ದಿತು,
ಉದ್ದ ಆಗಿ ಅಲ್ಲ, ಎತ್ತರ ಆಗಿ.
ಬೆಂಕಿಗೂಡು ತಳದಾಗ, ಬಾಜೂಕ, ತುಸು ದೂರ,
ಹೊಗಿ ಆರಿ ಒಳಗ ಬರ್ಲಿ ಅಂತ.
ಕಾಲು ನಾಕು ಬ್ಯಾಡ ಅಂದೆ.
ಕೆಸರಿನ್ಯಾಗ ನಾಕರಾಗ ಒಂದು ಯಾವಾಗ್ಲೂ ಮುನಿಸಿಕೊಂಡಿರ್ತೈತಿ;
ನಮ್ಮವ್ವನ ಒಲಿಗುಂಡು ಮೂರೇ,
ಎಂಥಾ ಹೊಲದಾಗ ಇಟ್ರೂ ಗಡಿಗಿ ತೊನಿದಿಲ್ಲ.
ಮೂರು ಕಾಲು, ತಳಕ್ಕ ಅಗಲ ತಗಡಿನ ಪಾದ.
ಎಸ್ಪೆರಾನ್ಸ ಪಾದ ನೋಡಿ ನಕ್ಕಳು: "ಬಾತುಕೋಳಿ."

ಮಂಗಳವಾರ ಖಾಲಿ ಪೆಟ್ಟಿಗಿಗೆ ಒಳಗೆಲ್ಲ ಎಣ್ಣಿ ಸವರಿ
ಪೇರಲದ ಕಟಿಗಿ ಹಚ್ಚಿದೆ.
ದೇವರ ಪಟದ ಮುಂದಿನ ಊದಿನಕಡ್ಡಿ ತಂದು
ಬೆಸಿಗಿಗುಂಟ ಹಿಡದು ಹೋದೆ.
ಬಾಗಿಲದ ಬಿಜಾಗರಿ ಹತ್ರ ಅದರ ಹೊಗಿ ಥಟ್ಟನ ಒಳಗ ಸೊಟ್ಟಾತು.
ಅಲ್ಲಿ ಸುಣ್ಣದ ಗುರ್ತ ಹಾಕಿದೆ.

ರಾತ್ರಿ ಊಟಕ್ಕ ಕುಂತಾಗ ಹೆಂಡತಿ ಅಂಗಿ ಮೂಸಿ
ತಾಟು ನನ್ನ ಕಡೆ ಸರಿಸದ ಕೇಳಿದಳು: ಏನ ತಿಂದಿ?
ಏನೂ ಇಲ್ಲ, ಬರೇ ಹೊಗಿ ಅಂದೆ.
ಆಕಿ ಇನ್ನೊಮ್ಮೆ ಮೂಸಿದಳು,
ಈ ಸಲ ಸಾವಕಾಶ.