ಎಡಗಾಲಿನ ಕ್ಲಚ್

ಬೂಟಿನ ದಾರ ಕಟ್ಟುವುದೇ ಮೊದಲ ಘಾಟಿ.
ಹೊಟ್ಟೆ ಅಡ್ಡ ಬರುತ್ತದೆ, ಅರೆಬೈಲಿನ ತಿರುವಿನಲ್ಲಿ
ಅದಿರಿನ ಲಾರಿ ಕೆಟ್ಟು ನಿಂತ ಹಾಗೆ:
ತಾನೂ ಸರಿಯುವುದಿಲ್ಲ, ನನ್ನನ್ನೂ ಬಿಡುವುದಿಲ್ಲ.
ಮೆಟ್ಟಿಲ ಮೇಲೆ ಕಾಲಿಟ್ಟು, ಉಸಿರು ಬಿಗಿಹಿಡಿದು
ಒಂದು ಗಂಟು.
ಇನ್ನೊಂದನ್ನು ಸುಲಭಾ ಕಟ್ಟಿದಳು, ಮಾತಾಡದೆ.
ನಗು ಮಾತ್ರ ಅವಳ ಹೆಗಲಲ್ಲಿ ಅಲುಗಿತು.

ಮೂವತ್ತೊಂದು ವರ್ಷ ಕೂತೇ ಊರು ತಿರುಗಿದವನು ನಾನು.
ಕಾರವಾರ ಹುಬ್ಬಳ್ಳಿ, ಹುಬ್ಬಳ್ಳಿ ಕಾರವಾರ.
ಅದರಲ್ಲಿ ನನ್ನ ಕಾಲು ನಡೆದದ್ದು
ಸೀಟಿನಿಂದ ಕಂಟ್ರೋಲರ್ ಕಿಟಕಿಗೆ,
ಕಿಟಕಿಯಿಂದ ಚಾದಂಗಡಿಗೆ.

ಕಾಜೂಬಾಗದ ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವಳು.
ರಿಪೋರ್ಟನ್ನು ಚೆಕಿಂಗಿನವರ ಹಾಗೆ
ಮೇಲಿಂದ ಕೆಳಗೊಮ್ಮೆ, ಕೆಳಗಿಂದ ಮೇಲೊಮ್ಮೆ ನೋಡಿ
"ಸಕ್ಕರೆ ಇನ್ನೂರ ಎಂಬತ್ತು. ನಡೀಬೇಕು ಅಂಕಲ್" ಅಂದಳು.
"ಎಲ್ಲಿವರೆಗೆ?" ಅಂದೆ.
ಅಂದ ಮೇಲೆ ನನಗೇ ನಗು ಬಂತು,
ಅದು ಕಂಡಕ್ಟರ್ ಕೇಳುವ ಪ್ರಶ್ನೆ.

ಹೀಗೆ ಐದೂವರೆಗೆ ಕೋಡಿಬಾಗದ ರಸ್ತೆ.
ನಾಯಿಗಳಿಗೆ ಅನುಮಾನ.
ಹಾಲಿನ ಹುಡುಗನಿಗೆ ಇನ್ನೂ ಹೆಚ್ಚು:
"ಯಾರಾದ್ರೂ ತೀರ್ಕೊಂಡ್ರಾ ಮಾಮಾ?"
ಎಡಗಾಲಿಗೆ ಇನ್ನೂ ಕ್ಲಚ್ಚಿನ ನೆನಪು,
ಪ್ರತಿ ಹೆಜ್ಜೆಯನ್ನೂ ಪೂರ್ತಿ ಒತ್ತಿ ಮೆಲ್ಲಗೆ ಬಿಡುತ್ತದೆ.
ಬಲಗಾಲಿಗೆ ಅವಸರ.
ಎರಡನ್ನೂ ರಾಜಿ ಮಾಡಿಸುತ್ತ
ಮೊದಲ ವಾರ ಮೂರನೇ ಲೈಟ್ ಕಂಬ,
ಎರಡನೇ ವಾರ ಐಸ್ ಫ್ಯಾಕ್ಟರಿ ಗೇಟು.
ನಡುವೆ ಮೂರು ದಿನ ಮೊಣಕಾಲು ರಜೆ ಅರ್ಜಿ ಕೊಟ್ಟಿತ್ತು.

ಆ ಗೇಟಿನಲ್ಲೇ ಒಂದು ಬೆಳಗ್ಗೆ ಉಸಿರು ಸಿಗಲಿಲ್ಲ.
ಕಂಬಿ ಹಿಡಿದು ನಿಂತೆ. ಎದೆಯಿಂದ ಏಳುತ್ತಿದ್ದ ಆ ಸದ್ದು
ಹ್ಞಾ... ಹ್ಞಾ...
ಎಲ್ಲೋ ಕೇಳಿದ್ದೆ.

ಚೆಂಡಿಯಾ ಸ್ಟಾಪು.
ಒಂದು ಕೈ ತಲೆಯ ಮೇಲಿನ ಮೀನುಬುಟ್ಟಿಗೆ, ಒಂದು ಕೈ ನನಗೆ,
ಓಡುತ್ತ ಬಂದವಳು. ಬಾಗಿಲವರೆಗೂ ಬಂದಿದ್ದಳು.
ಮಾತು ಹೊರಡುತ್ತಿರಲಿಲ್ಲ ಅವಳಿಗೆ, ಬರೀ ಹ್ಞಾ, ಹ್ಞಾ.
ನಾನು ಏಳು ನಿಮಿಷ ಲೇಟು.
ಗೇರ್ ಹಾಕಿದೆ.
ಕನ್ನಡಿಯಲ್ಲಿ ಅವಳು ಬುಟ್ಟಿಯಷ್ಟಾದಳು, ಆಮೇಲೆ ಮುಷ್ಟಿಯಷ್ಟು,
ಆಮೇಲೆ ತಿರುವು.
ಇಷ್ಟು ವರ್ಷ ಆ ಕನ್ನಡಿಗೆ ಸದ್ದಿರಲಿಲ್ಲ.

ಈಗ ನಾಲ್ಕು ತಿಂಗಳು. ಕಾಳಿ ಸೇತುವೆಯ ತಲೆಯವರೆಗೆ ಹೋಗುತ್ತೇನೆ.
ಹಳೆಯ ಸೇತುವೆ ಇದ್ದಲ್ಲಿ ಬರೀ ಗಾಳಿ.
ಒಳಗೆ ಏನಾಗಿತ್ತೋ ಅದಕ್ಕೆ, ಮೇಲೆ ನೆಟ್ಟಗೇ ಕಾಣುತ್ತಿತ್ತು;
ನಮ್ಮ ಹಾಗೆ ಅದನ್ನೂ ಯಾರೋ
"ಏನಾಗಲ್ಲ, ಗಟ್ಟಿ ಉಂಟು" ಅಂದಿರಬೇಕು.
ಕೆಳಗೆ ನೀರು ಇಷ್ಟು ಅಗಲ ಅಂತ
ಸ್ಟಿಯರಿಂಗ್ ಹಿಡಿದವನಿಗೆ ಗೊತ್ತೇ ಇರಲಿಲ್ಲ.
ಒಂದು ದೋಣಿ. ಅದರಲ್ಲೊಬ್ಬ, ಬಲೆಗಿಂತ ನಿಧಾನ.

ಮೊನ್ನೆ ಪಣಜಿ ಗಾಡಿ ಪಕ್ಕದಲ್ಲೇ ಬ್ರೇಕ್ ಹಾಕಿತು.
ಝಾಕೀರ, ನನ್ನ ಕೈಕೆಳಗೆ ಪಳಗಿದ ಹುಡುಗ.
"ಹತ್ರಿ ಉಸ್ತಾದ್! ಈ ಹೊತ್ತಲ್ಲಿ ಎಲ್ಲಿಗೆ?"
ಕಿಟಕಿಗಳ ತುಂಬ ನಿದ್ದೆಗಣ್ಣಿನ ಮುಖ.
ಅವನಿಗೂ ಲೇಟಾಗಿತ್ತು. ಆದರೂ ನಿಂತಿದ್ದ.
ಎಲ್ಲಿಗೂ ಇಲ್ಲ ಮಾರಾಯ, ಅನ್ನಬೇಕೆಂದರೆ
ಉಸಿರಿತ್ತು, ಮಾತಿರಲಿಲ್ಲ.
ತಗಡಿನ ಮೇಲೆ ಅಂಗೈಯಿಂದ ಎರಡು ಬಡಿತ:
ರೈಟ್.

ಬಸ್ಸು ಸೇತುವೆ ಏರಿತು.
ಅವನ ಕನ್ನಡಿಯಲ್ಲಿ ಈಗ ನಾನು ಬುಟ್ಟಿಯಷ್ಟು ಇರಬಹುದು.
ಕೆಳಗೆ ನೋಡಿದರೆ ದಾರ ಬಿಚ್ಚಿಕೊಂಡಿದೆ,
ಸುಲಭಾ ಕಟ್ಟಿದ್ದಲ್ಲ,
ನಾನು ಕಟ್ಟಿದ್ದು.