ಹನ್ನೊಂದು ನಿಮಿಷ

ಎರಡು ಗಂಟೆ ಹದಿನೇಳಕ್ಕೆ ತಲುಪಬೇಕು,
ಇಪ್ಪತ್ತೆಂಟಕ್ಕೆ ಹೊರಡಬೇಕು.
ವೇಳಾಪಟ್ಟಿಯಲ್ಲಿ ನಡುವೆ ಏನೂ ಅಚ್ಚಾಗಿಲ್ಲ,
ಬರೀ ಬಿಳಿ ಕಾಗದ.

ಶೆಫೀಲ್ಡಿನ ಈ ಮಗ್ಗುಲಿಗೆ ಇದೇ ಕೊನೇ ಸ್ಟಾಪು.
ಮುಂದೆ ಊರಿಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ:
ಗಾರೆ ಕಾಣದ ಕರಿಕಲ್ಲಿನ ಗೋಡೆ,
ದಾಟಲು ಮರದ ಎರಡು ಮೆಟ್ಟಿಲು,
ಆಚೆ ಬಯಲು. ಮರವಿಲ್ಲ, ಮನೆಯಿಲ್ಲ,
ಮೊಣಕಾಲೆತ್ತರದ ಕಂದು ಹೀದರ್ ಕುರುಚಲು,
ಅದರ ಮೇಲೆ ಮೋಡ ತನ್ನ ನೆರಳನ್ನು
ದರದರ ಎಳೆದುಕೊಂಡು ಹೋಗುತ್ತದೆ.

ಎಂಜಿನ್ ಆರಿಸುತ್ತೇನೆ. ಬಸ್ಸು ಉಸ್ಸೆಂದು
ಎಡಮಗ್ಗುಲಿಗೆ ಕುಗ್ಗುತ್ತದೆ, ಎಮ್ಮೆ ಕೂತ ಹಾಗೆ.
ಬೆಳಗಿನಿಂದ ಎಷ್ಟು ಜನ!
ನಾಣ್ಯ ಎಣಿಸುತ್ತ ನಿಂತವರು, ತಳ್ಳುಗಾಡಿಯ ಕೂಸುಗಳು,
ಪಾಸು ಮನೆಯಲ್ಲೇ ಮರೆತ ಕಾಲೇಜು ಹುಡುಗರು,
"ಥ್ಯಾಂಕ್ಸ್, ಲವ್" ಎಂದು ಇಳಿವ ಮಿಸೆಸ್ ಆಕ್ರಾಯ್ಡ್.
ಎಲ್ಲರೂ ನನ್ನ ಬೆನ್ನ ಹಿಂದೆ.
ಎಲ್ಲರನ್ನೂ ಕನ್ನಡಿಯಲ್ಲೇ ಬಲ್ಲೆ.

ಮೊದಮೊದಲು ಇಳಿಯುತ್ತಿರಲಿಲ್ಲ. ಕ್ಯಾಬಿನಲ್ಲೇ ಕೂತು
ಚಪಾತಿ ಸುರುಳಿ ಕಚ್ಚುತ್ತ ಫೋನು ನೋಡುತ್ತಿದ್ದೆ.
ಜೂನಿನ ಒಂದು ದಿನ ಉಚ್ಚೆ ತಡೆಯಲಾಗದೆ
ಗೋಡೆ ಹತ್ತಿದವನು (ನಾಚಿಕೆ ಯಾಕೆ, ಅದೇ ನಿಜ)
ತಿರುಗಿ ನೋಡಿದರೆ, ಹತ್ತಿ!
ಹೊಲವಲ್ಲ, ಜವುಗು. ಆದರೂ ಕಣ್ಣು ಹೋದಲ್ಲೆಲ್ಲ
ಹಿಂಜಿದ ಅರಳೆ, ಗಾಳಿಗೆ ಒಂದೇ ದಿಕ್ಕಿಗೆ ಬಾಗಿ.
ಗದಗಿನ ಪೇಟೆಯಲ್ಲಿ ಅಂಡಿಗೆ ಅಂಡಿಗೆ ಮೇಲೆ
ಹಾರಿ ಕುಣಿದು ಬೈಸಿಕೊಂಡ ಮೈ ಇದು.
ಬೆರಳಲ್ಲಿ ಒಂದು ಎಳೆ ಹೊಸೆದು ನೋಡಿದೆ.
ನಿಲ್ಲಲಿಲ್ಲ, ಪುಡಿಯಾಯಿತು.
ನೂಲಲು ಬಾರದ ಹತ್ತಿ.
ಯಾರ ತಕ್ಕಡಿಗೂ ಹೋಗದ್ದು.
ತನ್ನ ಪಾಡಿಗೆ ಬೆಳೆದು ತನ್ನ ಪಾಡಿಗೆ ಹಾರುವುದು.

ಅಂದಿನಿಂದ ದಿನಾ ಇಳಿಯುತ್ತೇನೆ.
ಏನು ಮಾಡುತ್ತೇನೆ? ಹೇಳುವಂಥದ್ದಿಲ್ಲ.
ನಿಲ್ಲುತ್ತೇನೆ. ಸೊಂಟ ಮೆಲ್ಲಗೆ ನನ್ನದಾಗುತ್ತದೆ.
ಬಾಗಿದ ಕೊಕ್ಕಿನ ಕರ್ಲ್ಯೂ ಎಲ್ಲೋ ನೆಲದಿಂದೆದ್ದು
ಎಸರು ಕುದಿ ಬಂದ ಹಾಗೆ ಗುಳುಗುಳು ಕೂಗುತ್ತದೆ.
ಆರಡಿ ಮುಂದಿನ ಬಂಪರಿಗೆ
ಬೆಳಗಿನಿಂದ ಕಟ್ಟಿಹಾಕಿದ್ದ ಕಣ್ಣು
ಹಗ್ಗ ಬಿಚ್ಚಿದ ಕರು:
ಮೊದಲು ಹೋಗಲೊಲ್ಲದು. ಆಮೇಲೆ ಓಡುತ್ತದೆ.

ಯಾರೋ ದೂರು ಬರೆದರು.
ಚಾಲಕ ಬಸ್ಸಿನಲ್ಲಿರಲಿಲ್ಲ, ಹುಲ್ಲಿನಲ್ಲಿ ನಿಂತಿದ್ದ,
ಬಾಗಿಲು ಹಾಕಿತ್ತು, ಹನಿ ಬೀಳುತ್ತಿತ್ತು.
ಡಿಪೋದ ನೈಜೆಲ್ ಕೆಟ್ಟ ಮನುಷ್ಯನಲ್ಲ.
ಫಕೀರಪ್ಪ ಅವನ ಬಾಯಲ್ಲಿ ಪೂರ್ತಿ ಹಿಡಿಸುವುದಿಲ್ಲ.
"ಕಾರಣ ಬರಿ, ಫಕೀ" ಎಂದು ಫಾರಂ ಸರಿಸಿದ.
ಅನಾರೋಗ್ಯ. ಯಾಂತ್ರಿಕ ದೋಷ. ಇತರೆ.
ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಇತರೆಗೆ ಗುರುತು ಹಾಕಿ
ಮುಂದೆ ಬರೆದೆ: ನಿಂತಿದ್ದೆ.
ಓದಿದ. ಮತ್ತೆ ಓದಿದ. ನನ್ನ ಪ್ಯಾಂಟಿನ ತುದಿ ನೋಡಿದ,
ಅಂಟಿಕೊಂಡ ಬೀಜ, ಒಣಗಿದ ಕೆಸರು.
"ಅಲ್ಲಿ ಈಗ ಗಾಳಿ ಜೋರೇನು?" ಎಂದು ಕೇಳಿ
ಫಾರಮನ್ನು ಡ್ರಾಯರಿನೊಳಗೆ ಹಾಕಿದ.

ಇವತ್ತು ದಾರಿಯಲ್ಲಿ ರಸ್ತೆ ಅಗೆತ. ಒಂಬತ್ತು ನಿಮಿಷ ತಡ.
ಉಳಿದದ್ದು ಎರಡು. ಗೋಡೆ ದಾಟಿ ಬರಲು ಸಾಲದು.
ಮಿಸೆಸ್ ಆಕ್ರಾಯ್ಡ್ ಇಳಿದರು, ಛತ್ರಿ ಊರುತ್ತ ಹೋದರು.
ಬಾಗಿಲು ತೆರೆದೇ ಬಿಟ್ಟು
ಬಸ್ಸಿನ ಹೊಸ್ತಿಲಲ್ಲಿ ಕೂತೆ,
ಬೂಟಿನ ಮೂತಿ ಹುಲ್ಲಿಗೆ ತಾಗಿಸಿ.

ಒಂದು ಅರಳೆ ಗೋಡೆ ಹಾರಿ, ನನ್ನ ತಲೆ ಹಾರಿ
ಟಿಕೆಟ್ ಯಂತ್ರದ ಮೇಲೆ ಕೂತಿತು.
ಎದ್ದು ಹೋಗಿ ಊದಿದೆ.
ಅಲ್ಲೇ ನಡುಗಿತು. ಹೋಗಲಿಲ್ಲ.

ಇಪ್ಪತ್ತೆಂಟು.
ಇರಲಿ ಬಿಡು ಎಂದು ಕೀಲಿ ತಿರುಗಿಸಿದೆ.