ಹನ್ನೊಂದನೇ ರೀಲು

ಟೇಪಿನ ಅಂಚಿಗೆ ಬೂಷ್ಟು ಹಿಡಿದಿತ್ತು,
ಹಳೇ ಉಪ್ಪಿನಕಾಯಿ ಜಾಡಿಯ ಬಾಯಿಗಿದ್ದಂತೆ.
ರಾಯಚೂರಿನ ತೀನ್ ಕಂದೀಲಿನ ಹಿಂದಿನ ಓಣಿಯಲ್ಲಿ
ಖಾಜಾ ಹುಸೇನಿ ತನ್ನ ವಿಡಿಯೊ ಲೈಬ್ರರಿಯ
ಕೊನೆಯ ಮೂರು ಚೀಲ ತೂಕಕ್ಕೆ ಹಾಕುವ ದಿನ
ಕೈಗೆ ಬಂತು: ಕಪ್ಪು ಬಿಳುಪು, ಪೂರ್ತಿ,
ಎರಡು ತಾಸು ನಲವತ್ತಾರು ನಿಮಿಷ.
"ಇದಕ್ಕ ಕತ್ತರಿ ಬಿದ್ದಿಲ್ಲಕ್ಕಾ," ಅಂದ,
"ದುಬೈದಾಗಿದ್ದ ನಮ್ಮ ಮಾಮೂ ತಂದಿದ್ದು."
ರೊಕ್ಕ ತಗೊಳ್ಳಲಿಲ್ಲ. ಚಹಾ ನಾನು ಕುಡಿಸಿದೆ.

ಏಳು ವರ್ಷ ಹುಡುಕಿದ್ದೆ.
ಸಿಕ್ಕಿದ್ದೆಲ್ಲ ಯಾರೋ ಕೈಯಾಡಿಸಿದ್ದು.
ಒಂದಕ್ಕೆ ಬಣ್ಣ ಬಳಿದಿದ್ದರು:
ಅತ್ತಿಗೆಯ ಸೀರೆ ಗಿಣಿಹಸಿರು, ಆಕಳಿಗೂ ಒಂದಿಷ್ಟು ಗುಲಾಬಿ.
ಒಂದರಲ್ಲಿ ಸಾರಂಗಿ ಕಿತ್ತು ಕೀಬೋರ್ಡು ಕೂರಿಸಿದ್ದರು.
ಟಿವಿಯವರು ಅಗಲ ಪರದೆ ತುಂಬಲೆಂದು
ಮೇಲೊಂದು ಪಟ್ಟಿ ಕೆಳಗೊಂದು ಪಟ್ಟಿ ಕೊಯ್ದು
ನಿಂತವರ ತಲೆ ಹಾರಿಸಿದ್ದರು.
ಸ್ಟೇಷನ್ನಿನಲ್ಲಿ ಅತ್ತಿಗೆ ಕೂತ ಟ್ರಂಕು
ಎಲ್ಲಿ ಹೋಯಿತೋ. ಆಕೆ ಗಾಳಿಯಲ್ಲಿ ಕೂತಿದ್ದಳು.

ಆ ಟ್ರಂಕು ನನಗೆ ಬೇಕಿತ್ತು.

ಅವ್ವ, ಅಂಬಮ್ಮ, ಆ ಪಿಚ್ಚರು ನೋಡಿದ್ದು ಒಂದೇ ಸಲ,
ಮಾನವಿಯ ತಗಡಿನ ಟಾಕೀಸಿನಲ್ಲಿ, ಆರೂವರೆ ಆಟ.
ಆಮೇಲೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ:
"ಯಾರೂ ಹೊರಗ ಹಾಕಲಿಲ್ಲ ಆಕೀನ.
ಒಲಿಮ್ಯಾಲಿನ ಅನ್ನ ಇಳಿಸಿದ್ಲು,
ಸೆರಗಿಗೆ ಕೈ ಒರಸಿಕೊಂಡ್ಲು,
ತಾನ ಎದ್ದು ಹೋದ್ಲು."
ಮರುವರ್ಷ ದೇವದುರ್ಗದಲ್ಲಿ, ಒಂದು ಮಧ್ಯಾಹ್ನ,
ಅವ್ವನೂ ಅನ್ನ ಇಳಿಸಿ ಕೈ ಒರಸಿಕೊಂಡಳು.
ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಅವ್ವ,
ಅವ್ವನ ಮೇಲೆ ನಾನು, ಎರಡು ವರ್ಷದವಳು.

ಕ್ಯಾಸೆಟ್ಟು ಬಿಸಿಲಿಗಿಡಬೇಡ, ಹಪ್ಪಳಾಗ್ತದ ಅಂದ ಹುಸೇನಪ್ಪ.
ಅದೇ ಟಾಕೀಸಿನಲ್ಲಿ ಮೂವತ್ತೊಂದು ವರ್ಷ ಆಪರೇಟರು.
ನೆರಳಲ್ಲಿ ಬಿಚ್ಚಿ, ಹಳೇ ಧೋತರದ ಚುಂಗಿನಿಂದ
ಗೇಣು ಗೇಣಾಗಿ ಒರೆಸಿದ, ಕೂಸಿನ ಮೈ ಒರೆಸಿದ ಹಾಗೆ.
ವಿಸಿಆರಿನ ಹೆಡ್ಡಿಗೆ ಸ್ಪಿರಿಟ್ಟು ಮುಟ್ಟಿಸಿದ.
ಕರೆಂಟು ಬರಲೆಂದು ಎಂಟರವರೆಗೆ ಕಾದೆವು.

ಸಾರಂಗಿ ಇತ್ತು. ಗೀರುಗಳಿದ್ದವು. ಎಲ್ಲರಿಗೂ ತಲೆಯಿತ್ತು.
ಅವ್ವ ಶೇಂಗಾ ಸುಲಿಯುತ್ತ ಮುಂದಿನ ಮಾತನ್ನು ಮುಂಚೆ ಹೇಳಿದಳು.
ಅತ್ತಿಗೆ ಅನ್ನ ಇಳಿಸಿದಳು.
ಕೈ ಒರಸಿಕೊಂಡಳು.
ಆಮೇಲೆ ಸ್ಟೇಷನ್ನು ಬರಲಿಲ್ಲ.
ಬಂದದ್ದು ಪಡಸಾಲೆ. ಮೈದುನ. ಮಾವ.
ಕಾಲು ಹಿಡಿದಳು ಅತ್ತಿಗೆ. ಒದೆಸಿಕೊಂಡಳು. ಮತ್ತೆ ಹಿಡಿದಳು.
"ಮೂಲ್ಯಾಗ ಬಿದ್ದಿರ್ತೀನಿ" ಅಂದಳು. "ಮುಸುರಿ ತಿಕ್ಕತೀನಿ" ಅಂದಳು.
ಒಂಬತ್ತು ನಿಮಿಷ. ನಾನು ಎಣಿಸಿದ್ದೇನೆ.

ಶೇಂಗಾ ನಿಂತಿತ್ತು.
"ಇದು ಯಾರೋ ಆಮ್ಯಾಲೆ ಸೇರಿಸಿದ್ದು," ಅಂದಳು ಅವ್ವ.
ಏಳು ವರ್ಷ ಹುಡುಕಿದವಳು ನಾನು,
ಇದೇ ಖರೇದು ಅನ್ನಲು ಬಾಯಿ ತೆರೆದೆ, ಬರಲಿಲ್ಲ.

ಹುಸೇನಪ್ಪ ಗೋಡೆಯ ಕಡೆ ನೋಡುತ್ತ ಹೇಳಿದ:
"ಒಂಬತ್ತೂವರಿಗೆ ಕವಿತಾಳದ ಬಸ್ಸಿತ್ತವ್ವ. ಅದ ಲಾಸ್ಟು.
ತಪ್ಪಿದ್ರ ಮಂದಿ ಕೂಸು ಕಟ್ಟಿಕೊಂಡು ನಡೀಬೇಕು.
ಯಾವುದಾರ ಒಂದು ರೀಲು ಬಿಡಬೇಕಿತ್ತು.
ಹನ್ನೊಂದರಾಗ ಅಳೋದು ಭಾಳ ಇತ್ತು, ಬಿಟ್ಟೆ.
ಯಾರೂ ಕೇಳಲಿಲ್ಲ."

"ಹಿಂದಕ್ಕ ಓಡಸು," ಅಂದಳು ಅವ್ವ.
ಓಡಿಸಿದೆ. ಒದೆ ಕಾಲಿಗೆ ವಾಪಸು ಹೋಯಿತು.
ಅತ್ತಿಗೆ ನೆಲದಿಂದೆದ್ದು ಬೆನ್ನು ಹಿಂದೆ ಮಾಡಿ ಓಡಿದಳು
ಪಡಸಾಲೆ ದಾಟಿ ಅಡಿಗೆಮನೆಗೆ.
ಒದ್ದೆ ಸೆರಗಿನಿಂದ ಕೈಗೆ ಬಂತು.
ಅನ್ನ ಒಲೆಗೇರಿತು.
"ಅಲ್ಲೇ."

ಚಿತ್ರ ನಡುಗುತ್ತ ನಿಂತಿತು.
ಹುಸೇನಪ್ಪ ಎದ್ದ. ಕಣ್ಣಿಗೆ ಪೊರೆ, ಕನ್ನಡಕ ಮನೆಯಲ್ಲಿ;
ಆದರೂ ಬೆರಳು ಹೋಗಿ ಆ ಗುಂಡಿಯ ಮೇಲೇ ಕೂತಿತು.
ಒಂಬತ್ತು ನಿಮಿಷ ಬಿಳೀ ಗೀಟುಗಳಾಗಿ ಸರಿದು ಹೋದವು.

ಸ್ಟೇಷನ್ನು.
ಅಂಚಿನಲ್ಲಿ ಒಬ್ಬ ಹುಡುಗ, ನಟನಲ್ಲ, ನಳಕ್ಕೆ ಬಾಯಿಟ್ಟಿದ್ದ.
ಟ್ರಂಕು ನೆಲದ ಮೇಲೆ ಪೂರ್ತಿ ಕಾಣುತ್ತಿತ್ತು,
ಚಿಲಕಕ್ಕೆ ಕಟ್ಟಿದ ದಾರ ಸಮೇತ.